ಹರಗೋಲಿಗೆ ಅಡ್ಡ ಇಟ್ಟ ಹಲಗೆ

ದೇವದುರ್ಗದಿಂದ ಬಂಡಿಯಲ್ಲಿ ಹೋಗಿ ಕೃಷ್ಣೆಗೆ ಇಳಿಯುವ ಒಂದು ಕಡವಿನಲ್ಲಿ, ಬೇವಿನ ಮರಕ್ಕೆ ಮೊಳೆ ಹೊಡೆದು ಕೂಡಿಸಿದ ಫಲಕವೊಂದಿತ್ತು. ಅದರ ಮೇಲಿನ ಬಿಳಿ ಅಕ್ಷರಗಳು ನಮ್ಮಪ್ಪನವು. ಆಗ ಅವರು ದೇವದುರ್ಗದ ಶಾಲೆಯಲ್ಲಿ ಮಾಸ್ತರರಾಗಿದ್ದರು. ಹರಗೋಲು ನಡೆಸುವವರು ಪಾಲಿಸಬೇಕಾದ ನಿಯಮಗಳು ತಹಶೀಲ ಕಚೇರಿಯಿಂದ ಉರ್ದುವಿನಲ್ಲಿ ಬಂದಿದ್ದವು. ಕಡವಿನಲ್ಲಿ ಉರ್ದು ಓದುವವರು ಇರಲಿಲ್ಲ. ಕನ್ನಡ ಓದುವವರೂ ಹೆಚ್ಚಿರಲಿಲ್ಲ. ಆದರೂ ಕನ್ನಡದಲ್ಲಿ ಬರೆದುಕೊಡಿ ಎಂದು ಕಚೇರಿಯವರು ಅಪ್ಪನಿಗೆ ಹೇಳಿದ್ದರು.

ಎಲ್ಲರೂ ತಳದಲ್ಲೇ ಕೂಡಬೇಕು, ಯಾರೂ ನಿಲ್ಲಬಾರದು. ತೇಲುವುದಕ್ಕೆ ಸೋರೆಬುರುಡೆಗಳನ್ನು ಕಟ್ಟಿಕೊಳ್ಳದೆ ಹರಗೋಲು ಬಿಡಬಾರದು. ದೀಪ ಹಚ್ಚುವ ಹೊತ್ತಾದ ಮೇಲೆ ಬಿಡಬಾರದು, ಹೊಳೆ ಕೆಂಪಾಗಿ ಬಂದಾಗ ಬಿಡಬಾರದು. ಕೊನೆಯ ಸಾಲನ್ನು ಬರೆಯಲು ಅಪ್ಪ ಬಹಳ ಹೊತ್ತು ತೆಗೆದುಕೊಂಡಿದ್ದರಂತೆ: ನಿಯಮಕ್ಕೆ ಒಪ್ಪದವರು ಯಾರೇ ಆಗಿರಲಿ, ಅವರನ್ನು ಹತ್ತಿಸಿಕೊಳ್ಳಬಾರದು, ಹೊಣೆ ಹುಟ್ಟು ಹಿಡಿದವನದು.

ನಾನು ಆಗ ರಾಯಚೂರಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುತ್ತಿದ್ದೆ. ಜೊತೆಗೆ ಹೈದರಾಬಾದಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ಕಂಡದ್ದನ್ನು ಬರೆ, ಕೇಳಿದ್ದಾದರೆ ಯಾರು ಹೇಳಿದರೆಂದು ಬರೆ, ನಿನಗೆ ಅನಿಸಿದ್ದನ್ನು ಮನೆಯಲ್ಲಿಟ್ಟು ಬಾ ಎಂದು ಆ ಪತ್ರಿಕೆಯ ಸಂಪಾದಕರು ಮೊದಲ ದಿನವೇ ಹೇಳಿದ್ದರು. ಇಲ್ಲಿಯೂ ಅದನ್ನೇ ಪಾಲಿಸಲು ನೋಡುತ್ತೇನೆ. ಆದರೆ ಇದು ಮನೆಯೊಳಗಿನ ಸುದ್ದಿಯೇ ಆದ್ದರಿಂದ ಪೂರ್ತಿ ಸಾಧ್ಯವಾಗಲಿಕ್ಕಿಲ್ಲ.

ಸಂಕ್ರಾಂತಿಗೆ ನಾನು ಊರಿಗೆ ಹೋಗುತ್ತಿದ್ದೆ. ಯುದ್ಧದ ಕಾಲ. ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಏರು ಬಂದಲ್ಲಿ ಇಳಿದು ತಳ್ಳಬೇಕಾಗುತ್ತಿತ್ತು. ಹಬ್ಬದ ದಿನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯಲ್ಲಿ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ತಿಂದು, ಆಮೇಲೆ ಹರಗೋಲು ಹತ್ತುವುದು ನಮ್ಮ ಕಡೆಯ ರೂಢಿ. ಆ ದಿನ ಹರಗೋಲು ಯಾರನ್ನೂ ಆಚೆ ದಂಡೆಗೆ ಒಯ್ಯುತ್ತಿರಲಿಲ್ಲ. ಮಡುವಿನವರೆಗೆ ಹೋಗಿ, ಬುಗುರಿಯ ಹಾಗೆ ಸುತ್ತು ಹಾಕಿ ಮರಳುತ್ತಿತ್ತು. ಹರಗೋಲಿನವನು ಆ ದಿನ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದ, ಕೊಡದಿದ್ದರೆ ಕೇಳುತ್ತಿರಲಿಲ್ಲ. ಅವನು ನಡುವಯಸ್ಸಿನವನು, ಮಾತುಗಾರ. ಅವನ ಪರವಾನಗಿ ಪ್ರತಿವರ್ಷ ಹೊಸದಾಗಬೇಕಿತ್ತು. ಅವನ ಮನೆ ನಡೆಯುತ್ತಿದ್ದುದು ಅದರಿಂದಲೇ.

ನಮ್ಮ ಅತ್ತೆ, ಎಂದರೆ ಅಪ್ಪನ ಅಕ್ಕ, ಎಂದೂ ಹರಗೋಲು ಹತ್ತಿದವಳಲ್ಲ. ಅವಳನ್ನು ಮಾನ್ವಿಯಲ್ಲಿ ಗುಡಿಯ ಪೂಜೆ ನಡೆಸುವ ಮನೆಗೆ ಕೊಟ್ಟಿದ್ದರು. ಎಳೆಯ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಕೆಲ ವರ್ಷಗಳ ನಂತರ ನಮ್ಮ ಮನೆಗೆ ಕಳಿಸಿದ್ದರು. ಬೆಳಗಿನಿಂದ ಊಟದವರೆಗೆ ಅವಳು ಮಡಿ. ಆ ಹೊತ್ತಿನಲ್ಲಿ ನಾವು ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಹೊಳೆಗೆ ಹೋದ ದಿನ ಊಟವಾದ ಮೇಲೂ ಅವಳು ಮಡಿ ಬಿಡುತ್ತಿರಲಿಲ್ಲ. ಹರಗೋಲೆಂದರೆ ಬಿದಿರಿನ ಬುಟ್ಟಿಗೆ ಹೊದಿಸಿದ ಎಮ್ಮೆಯ ತೊಗಲು. ಹಾಗಾಗಿ ಅವಳು ಪ್ರತಿವರ್ಷ ದಂಡೆಯ ಮೇಲೆ ಕೂತು ನಾವು ಸುತ್ತುವುದನ್ನು ನೋಡುತ್ತಿದ್ದಳು.

ಆ ವರ್ಷ ಅವ್ವ ಬಿಡಲಿಲ್ಲ. "ಅಕ್ಕಾ, ಒಂದು ಸಲರೆ ಬರ್ರಿ. ಏಸು ವರ್ಷ ದಂಡಿ ಮ್ಯಾಲೆ ಕೂಡತೀರಿ?"

"ತೊಗಲಿನ ಮ್ಯಾಲೆ ಕೂಡಂತೀ ಏನು ನನಗ?"

ಹರಗೋಲಿನವನು ನಕ್ಕ. "ಅಮ್ಮಾರ, ಜಿಂಕಿ ತೊಗಲಿನ ಮ್ಯಾಲ ಕುಂತು ಸ್ವಾಮಿಗೋಳು ಜಪ ಮಾಡ್ತಾರ. ನಮ್ಮ ಎಮ್ಮಿ ಏನ್ ಪಾಪ ಮಾಡ್ಯದ್ರೀ? ಬದುಕಿದ್ದಾಗ ನಿಮಗ ಹಾಲೂ ಕೊಟ್ಟಿತ್ತು."

"ಮಾತಿಗೇನು ಕಮ್ಮಿ ಇಲ್ಲ ಇವಗ" ಎಂದಳು ಅತ್ತೆ. ಆದರೆ ನಗುತ್ತಿದ್ದಳು, ನೋಟ ಹರಗೋಲಿನ ಮೇಲೇ ಇತ್ತು. ಅದನ್ನು ಅಪ್ಪ ಕಂಡರು. ಬಂಡಿಯಲ್ಲಿದ್ದ ಅಗಲವಾದ ಹಲಗೆಯನ್ನು ತಂದು ಹರಗೋಲಿನ ಅಂಚಿನಿಂದ ಅಂಚಿಗೆ ಅಡ್ಡ ಇಟ್ಟರು. ಅಂಚು ಬರಿಯ ಬಿದಿರು, ಅಲ್ಲಿ ತೊಗಲಿಲ್ಲ. ಹಲಗೆಯ ಮೇಲೆ ಕೂತರೆ ಮಡಿಗೆ ಏನೂ ಆಗುವುದಿಲ್ಲ. ಅಪ್ಪನಿಗೆ ತಮ್ಮ ಉಪಾಯದ ಬಗ್ಗೆ ಹೆಮ್ಮೆಯೇ ಆಗಿತ್ತು.

ಹರಗೋಲಿನವನು ತಲೆ ಕೆರೆದುಕೊಂಡ. "ಮಾಸ್ತರ, ಎತ್ತರ ಆಗ್ತದಲ್ರೀ."

"ನಾವು ಎರಡೂ ಕಡಿ ಕೂತು ಹಿಡಕೋತೀವಿ ತಗೋ."

"ಆಗಲಿ ಬಿಡ್ರಿ. ದಾಟಾಕೇನು ಹೊಂಟಿಲ್ಲ, ಆಟಕ್ಕ ಹೊಂಟೀವಿ" ಎಂದು ಅವನೇ ಸಮಾಧಾನ ಮಾಡಿಕೊಂಡ. ಸೋರೆಬುರುಡೆಗಳ ಗೊಂಚಲು ಬೇವಿನ ಮರದಲ್ಲಿ, ಫಲಕದ ಕೆಳಗೇ, ನೇತಾಡುತ್ತಿತ್ತು. ಆಟಕ್ಕೆ ಅದು ಯಾಕೆ ಎಂದು ಅಲ್ಲೇ ಬಿಟ್ಟೆವು. ಫಲಕದ ಕಡೆಗೆ ನಮ್ಮಲ್ಲಿ ಯಾರೂ ನೋಡಲಿಲ್ಲ.

ಅಪ್ಪ, ಅವ್ವ, ನಾನು ತಳದಲ್ಲಿ ಕೂತೆವು. ಅತ್ತೆ ನಮ್ಮ ತಲೆಗಳ ಎತ್ತರದಲ್ಲಿ, ಹಲಗೆಯ ಮೇಲೆ. ಮಡುವು ಬಂದಾಗ ಅವನು ಹುಟ್ಟನ್ನು ಒಂದೇ ಬದಿಗೆ ಹಾಕಿ ತಿರುಗಿಸಿದ. ದಂಡೆ, ಮರ, ಬಂಡಿ, ಎತ್ತು ಎಲ್ಲವೂ ಸುತ್ತತೊಡಗಿದವು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆ ನಗುವನ್ನು ನಾನು ಮೊದಲು ಕೇಳಿರಲಿಲ್ಲ.

"ಇನ್ನೊಂದು ಸುತ್ತು ತಿರಗಸೋ" ಎಂದಳು.

"ನೋಡ್ರಿ ಮಾಸ್ತರ, ಎಮ್ಮಿ ಸೇರಿತು ಅಮ್ಮಾರಿಗೆ" ಎಂದು ಅವನು ಮತ್ತೂ ಜೋರಾಗಿ ಸುತ್ತಿಸಿದ. ಅತ್ತೆ ತಲೆಗೆ ಹೊಳೆಯ ನೀರು ಚಿಮುಕಿಸಿಕೊಳ್ಳಲೆಂದು ಒಂದು ಕಡೆ ಬಾಗಿ ಕೈ ಚಾಚಿದಳು. ಹಲಗೆ ಜಾರಿತು. ಹರಗೋಲು ಅಂಚಿನ ಮೇಲೆ ನೆಟ್ಟಗೆ ನಿಂತು, ನಮ್ಮನ್ನು ಸುರಿದು, ಮಗುಚಿಕೊಂಡಿತು.

ನಾನು ಬಿದ್ದಲ್ಲಿ ಎದೆಮಟ್ಟದ ನೀರಿತ್ತು. ಅಪ್ಪನ ಕೈಗೆ ಅವ್ವ ಸಿಕ್ಕಿದಳು. ಅತ್ತೆ ಮಡುವಿನ ಕಡೆಗೆ ಬಿದ್ದಿದ್ದಳು. ಕೆಂಪು ಸೀರೆ ಒಮ್ಮೆ ನೀರಿನ ಮೇಲೆ ಉಬ್ಬಿ ಕಾಣಿಸಿತು, ಆಮೇಲೆ ಕಾಣಲಿಲ್ಲ. ಹರಗೋಲಿನವನು ಹುಟ್ಟು ಬಿಸಾಕಿ ಮುಳುಗಿದ. ಎದ್ದಾಗ ಅವನ ಕೈಯಲ್ಲಿ ಸೀರೆಯ ಚುಂಗು ಮಾತ್ರ ಇತ್ತು. ಮತ್ತೆ ಮುಳುಗಿ, ಈ ಸಲ ಅವಳನ್ನು ರಟ್ಟೆ ಹಿಡಿದು ಎಳೆದು ತಂದ. ದಂಡೆಯ ಬಂಡೆಯೊಂದರ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದ. ನೀರು ಕಾರಿ ಅತ್ತೆ ಕೆಮ್ಮಿದಳು.

ಆಮೇಲೆ ನಡೆದದ್ದನ್ನು ನಾನು ಕಂಡಂತೆಯೇ ಬರೆಯುತ್ತೇನೆ. ಅತ್ತೆ ಎದ್ದು ಕೂತಳು. ಸೆರಗನ್ನು ತಲೆಗೆ ಎಳೆದುಕೊಂಡಳು. ತನ್ನ ರಟ್ಟೆಯನ್ನು ನೋಡಿಕೊಂಡಳು. ಬಂಡೆ ಹಿಡಿದು ಮೊಣಕಾಲುಮಟ್ಟದ ನೀರಿಗೆ ಇಳಿದು, ಕಣ್ಣು ಮುಚ್ಚಿ, ಕುಳಿತು ತಲೆ ಮುಳುಗಿಸಿ ಎದ್ದಳು. ಮುಟ್ಟಿದ ಮೈಲಿಗೆ ಹೋಗಬೇಕಲ್ಲ. ಹರಗೋಲಿನವನು ಅಲ್ಲೇ ನಿಂತು ಇನ್ನೂ ಏದುತ್ತಿದ್ದ. ಅವಳು ಮುಳುಗುವುದನ್ನು ನೋಡಿದ. ಆಮೇಲೆ ಮುಖ ತಿರುಗಿಸಿ, "ಹುಟ್ಟು ಎಲ್ಲಿ ಹೋತೋ ಏನೋ" ಎನ್ನುತ್ತ ನೀರಿನಗುಂಟ ನಡೆದ.

ನಮಗೆ ಅದು ವಿಶೇಷವೆನಿಸಲಿಲ್ಲ. ದಿನವೂ ಮನೆಯಲ್ಲಿ ಕಾಣುವುದೇ. ಬಂಡಿ ಊರ ಅಗಸಿ ಬಾಗಿಲು ದಾಟುವಾಗ ಅತ್ತೆ ಅಪ್ಪನಿಗೆ ಹೇಳಿದಳು:

"ಅವನ ಕಣ್ಣ ಮುಂದನಽ ಮುಳುಗಿದೆನಲ್ಲೋ."

"ಏನಾತೀಗ? ಹೊಳಿ ಅದ, ಮುಳುಗಿದಿ."

"ಜೀವ ಉಳಿಸಿದವನ ಕೈ ತೊಳಕೊಂಡೆ. ಅವ ಇನ್ನೂ ಏದುಸಿರು ಬಿಡಾಕತ್ತಿದ್ದ."

ಅಪ್ಪ ಎತ್ತಿನ ಬಾಲ ಮುಟ್ಟಿ ಬಂಡಿ ಹೊಡೆದರು.

ಹರಗೋಲು ಮಗುಚಿದ್ದನ್ನು ದಂಡೆಯ ಮೇಲಿನವರೆಲ್ಲ ನೋಡಿದ್ದರು. ಕಡವಿನ ಊರಿನ ಪೊಲೀಸ್ ಪಟೇಲ ವರದಿ ಮಾಡಿದ. ಪೊಲೀಸ್ ಠಾಣೆಯ ಅಮೀನ್ ಸಾಹೇಬರು ವಿಚಾರಣೆಗೆ ಬರುತ್ತಾರೆಂದು ಗೊತ್ತಾದಾಗ ಹರಗೋಲಿನವನು ನಮ್ಮ ಮನೆಗೆ ಬಂದು ಕಟ್ಟೆಯ ಕೆಳಗೆ ಕೂತ.

"ಮಾಸ್ತರ, ನೀರೊಳಗ ದೊಡ್ಡ ಕಲ್ಲು ಇತ್ತು, ಅದು ತಾಗಿ ಮಗಚಿತು ಅಂತ ನಾ ಹೇಳ್ತೀನ್ರಿ. ನೀವೂ ಹಂಗಽ ಅಂದ್ರ ಮುಗೀತು. ಕಲ್ಲಿಗೇನು ಪರವಾನಗಿ ಅದ ಏನ್ರೀ ಕಸಗೊಳ್ಳಾಕ?"

ಅಪ್ಪ ನಗಲಿಲ್ಲ. "ಹಾಂಗಽ ಹೇಳೋಣ" ಎಂದರು. ಅವನಿಗೆ ಅನ್ನ ಉಳಿಯುತ್ತಿತ್ತು. ಅಪ್ಪನಿಗೆ, ತಾವೇ ಬರೆದ ನಿಯಮ ಮುರಿದ ಮಾತು ಊರಿಗೆ ತಿಳಿಯುವುದು ತಪ್ಪುತ್ತಿತ್ತು. ಒಳಗಿನಿಂದ ಅತ್ತೆ ಕೇಳಿಸಿಕೊಂಡಿದ್ದಳು.

ವಿಚಾರಣೆ ನಮ್ಮ ಪಡಸಾಲೆಯಲ್ಲೇ ಆಯಿತು. ಅಮೀನ್ ಸಾಹೇಬರು ಸಿಡುಕಿನವರಲ್ಲ. ಚಹಾ ಕುಡಿದರು, ಹಬ್ಬ ಹೇಗಾಯಿತೆಂದು ಕೇಳಿದರು. ಅಪ್ಪ ಕಲ್ಲಿನ ಮಾತು ಹೇಳಿದರು. ಹರಗೋಲಿನವನು ಅದನ್ನೇ ಹೇಳಿ, ಕಲ್ಲಿನ ಗಾತ್ರವನ್ನು ಕೈಯಿಂದ ತೋರಿಸಿದ. ಸಾಹೇಬರು ಬರೆದುಕೊಂಡು ಏಳುವುದರಲ್ಲಿದ್ದರು. ಆಗ ನಡುಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. ಮನೆಗೆ ಬಂದ ಪರ ಗಂಡಸರ ಎದುರಿಗೆ ಅವಳು ಬರುವಂತಿರಲಿಲ್ಲ.

"ಕಲ್ಲು ಇರಲಿಲ್ಲ. ನಾನು ಎತ್ತರದಾಗ ಕೂತಿದ್ದೆ. ನಾನಽ ಬಾಗಿದೆ. ತಪ್ಪು ನಂದು, ಅವಂದಲ್ಲ."

ಸಾಹೇಬರು ಮತ್ತೆ ಕೂತರು. ಬಾಗಿಲ ಕಡೆ ನೋಡದೆ, ಗೌರವದಿಂದಲೇ ಕೇಳಿದರು: "ಎತ್ತರದಾಗ ಅಂದ್ರ ಹ್ಯಾಂಗಮ್ಮಾ?"

ಅತ್ತೆ ಹಲಗೆಯ ಸಂಗತಿ ಪೂರ್ತಿ ಹೇಳಿದಳು. ಬುರುಡೆಗಳು ಮರದಲ್ಲೇ ಇದ್ದದ್ದನ್ನೂ ಹೇಳಿದಳು. ತನ್ನ ಮೇಲೆ ತಪ್ಪು ಹೊತ್ತುಕೊಳ್ಳಲು ಏನೇನು ಬೇಕೋ ಎಲ್ಲ ಹೇಳಿದಳು.

"ಹಲಗಿ ಇಟ್ಟವರು?"

"ನಾನು" ಎಂದರು ಅಪ್ಪ.

"ಬೋರ್ಡ್ ಬರದವರೂ ನೀವೇ ಅಲ್ರೀ, ಮಾಸ್ತರ್ ಸಾಬ್?"

ಅಪ್ಪ ಹೌದೆಂದು ತಲೆ ಆಡಿಸಿದರು.

ಸಾಹೇಬರು ಹರಗೋಲಿನವನ ಕಡೆ ತಿರುಗಿದರು. "ಹುಟ್ಟು ಯಾರ ಕೈಯಾಗ ಇತ್ತು?"

"ನನ್ನ ಕೈಯಾಗರೀ ಸಾಹೇಬ್ರ. ಆದ್ರ ಅವತ್ತು ದಾಟಾಕ ಬಿಟ್ಟಿದ್ದಿಲ್ರೀ, ಹಬ್ಬದ ಆಟಕ್ಕ ಬಿಟ್ಟಿದ್ದೆ."

"ಆಟಕ್ಕ ಬಿಟ್ರ ನೀರು ಬ್ಯಾರೆ ಆಗ್ತದೇನು?"

ದಾಟುವ ದಿನಕ್ಕೆ ಕಾಯಿದೆ, ಹಬ್ಬದ ದಿನಕ್ಕೆ ಇಲ್ಲ ಎಂದು ಯಾರೂ ಬರೆದಿರಲಿಲ್ಲ, ನಾವೆಲ್ಲ ಹಾಗೆಂದುಕೊಂಡಿದ್ದೆವು. ಹಲಗೆ ಇಟ್ಟವರಿಗೂ ಅದರ ಮೇಲೆ ಕೂತವರಿಗೂ ನಿಯಮದಲ್ಲಿ ಶಿಕ್ಷೆಯಿರಲಿಲ್ಲ. ಹೊಣೆ ಹುಟ್ಟು ಹಿಡಿದವನದು. ಹತ್ತಿಸಿಕೊಳ್ಳದೆ ಇರುವುದು ಅವನ ಕೆಲಸವಾಗಿತ್ತು. ಮುಂದಿನ ಹುಕುಂ ಬರುವವರೆಗೆ ಹರಗೋಲು ನೀರಿಗೆ ಇಳಿಯಬಾರದೆಂದು ಹೇಳಿ, ಸಾಹೇಬರು ಅವನ ಪರವಾನಗಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಅವನು ಎದ್ದು, ಬಾಗಿಲ ಕಡೆಗೆ ಕೈಮುಗಿದು, "ಬರ್ತೀನ್ರಿ ಅಮ್ಮಾರ" ಎಂದು ಹೋದ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅತ್ತೆಗೆ ಒಳ್ಳೆಯದಾಗುತ್ತಿತ್ತೋ ಏನೋ.

"ಖರೇ ಹೇಳಿದಿ ಅಕ್ಕಾ. ತಪ್ಪೇನು ಮಾಡಿಲ್ಲ ನೀನು" ಎಂದರು ಅಪ್ಪ.

"ಖರೇ ಹೇಳಿದ್ದು ಯಾರ ಸಲುವಾಗಿ?" ಎಂದಳು ಅತ್ತೆ. "ನನ್ನ ಎದಿ ಹಗುರಾಗಲಿ ಅಂತ ಹೇಳಿದೆ. ಅವನ ಮನಿ ಒಲಿ ಆರಿಸಿದೆ."

ಕೆಲವು ದಿನ ಬಿಟ್ಟು ಅವಳು ಮಾನ್ವಿಗೆ ಹೋದಳು. ಅಲ್ಲಿನ ಹಿರಿಯರು ಸುದ್ದಿ ಕೇಳಿದ್ದರು. ತೊಗಲು ತಾಗಿದ್ದಕ್ಕೆ, ಪರ ಗಂಡಸು ಮುಟ್ಟಿದ್ದಕ್ಕೆ ಪ್ರಾಯಶ್ಚಿತ್ತ ಹೇಳಿದರು: ಉಪವಾಸ, ಪಂಚಗವ್ಯ. ಅವಳು ಎಲ್ಲವನ್ನೂ ಮಾಡಿದಳು. ಮಾಡಿ ಮುಗಿಸಿ, ಒಬ್ಬನ ಅನ್ನ ಕಿತ್ತುಕೊಂಡದ್ದಕ್ಕೆ ಏನು ಮಾಡಬೇಕು ಎಂದು ಕೇಳಿದಳಂತೆ. ಅದು ಮಡಿಯ ವಿಷಯವಲ್ಲ ಎಂದರಂತೆ. ಇದನ್ನು ನನಗೆ ತಿಳಿಸಿದವರು ಅವಳ ಮೈದುನ. ನನ್ನ ಮುಂದೆ ಹೇಳುವಾಗ ಅವರಿಗೆ ಅವಳ ಪ್ರಶ್ನೆ ವಿಚಿತ್ರವಾಗಿ ಕಂಡಿತ್ತು.

ಬೇಸಿಗೆಯಲ್ಲಿ ರಾಯಚೂರಿನ ಒಂದು ಹತ್ತಿ ಜಿನ್ನಿನ ಕಾರ್ಖಾನೆಯ ಮುಂದೆ ನನಗೆ ಹರಗೋಲಿನವನು ಸಿಕ್ಕ. ಹತ್ತಿ ತುಂಬಿದ ಅಂಡಿಗೆ ಹೊರುತ್ತಿದ್ದ. ಹುಬ್ಬು, ಮೀಸೆ, ಕಿವಿಯ ಕೂದಲಿಗೆಲ್ಲ ಹತ್ತಿಯ ಎಳೆ ಹತ್ತಿಕೊಂಡು ಒಮ್ಮೆಲೇ ಮುದುಕನಾದಂತೆ ಕಂಡ.

"ಗುರ್ತು ಸಿಗಲಿಲ್ಲೇನ್ರೀ? ನಾನೂ ನೋಡ್ರಿ, ಬೆಳ್ಳಗಾಗಿ ದೊಡ್ಡಮಂದಿ ಆಗೀನಿ" ಎಂದು ನಕ್ಕು ಕೆಮ್ಮಿದ. "ಅಮ್ಮಾರು ಆರಾಮ ಅದಾರೇನ್ರೀ? ಎದಿಯಾಗ ನೀರು ಹೋಗಿತ್ತು, ಥಂಡಿ ಹಿಡಿದಿತ್ತು ಅಂತ ಕೇಳಿದ್ದೆ."

ಆರಾಮ ಇದ್ದಾಳೆಂದೆ. ನಿನ್ನ ಸಲುವಾಗಿ ಮರುಗುತ್ತಾಳೆಂದು ಹೇಳಲು ಬಾಯಿ ಬರಲಿಲ್ಲ. ಮರುಗುವುದರಿಂದ ಅವನಿಗೇನೂ ಆಗುವಂತಿರಲಿಲ್ಲ. ಹಿಂದಿನವನು ಕೂಗಿದ, ಇವನು ಅಂಡಿಗೆಗೆ ಬೆನ್ನು ಕೊಟ್ಟ.

ಅಪ್ಪ ತಹಶೀಲ ಕಚೇರಿಗೆ ಓಡಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಹುಕುಂ ಬಂತು: ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿ ಕಚೇರಿಯಲ್ಲಿ ಒಪ್ಪಿಸಿ, ಅರ್ಥ ಕೇಳಿದರೆ ಹೇಳಬೇಕು, ಹೇಳಿದರೆ ಪರವಾನಗಿ ಕೊಡಲಾಗುವುದು. ಅವನಿಗೆ ಓದು ಬರುತ್ತಿರಲಿಲ್ಲ. ಕಲಿಸುವ ಕೆಲಸ ಅಪ್ಪನದಾಯಿತು. ಶಾಲೆ ಬಿಟ್ಟ ಮೇಲೆ ಅವನು ನಮ್ಮ ಕಟ್ಟೆಗೆ ಬರುತ್ತಿದ್ದ. ದಸರೆಯ ರಜೆಯಲ್ಲಿ ನಾನೂ ಅಲ್ಲಿದ್ದೆ.

"ದೀಪ ಹಚ್ಚೋ ಹೊತ್ತಾದ ಮ್ಯಾಲೆ ಹರಗೋಲು ಬಿಡಬಾರದು. ಅನ್ನು."

"ಮಾಸ್ತರ, ನಮ್ಮ ಮನ್ಯಾಗ ದೀಪನಽ ಹಚ್ಚಂಗಿಲ್ಲ. ಘಾಸಲೇಟ್ ಎಣ್ಣಿ ಎಲ್ಲಿ ಸಿಗಾಕತ್ತದ್ರೀ? ಹಂಗಾರ ರಾತ್ರಿಯೆಲ್ಲ ಬಿಡಬಹುದೇನು?"

"ಕಚೇರ್ಯಾಗ ಹೀಂಗ ಮಾತಾಡಿದಿ ಅಂದ್ರ ಮತ್ತ ಅಂಡಿಗಿ ಹೊರಾಕ ಹೋಗ್ತಿ ನೋಡು."

ಮಿಕ್ಕ ಸಾಲುಗಳೆಲ್ಲ ಅವನಿಗೆ ಬೇಗ ಬಂದವು. ಕೊನೆಯದು ಮಾತ್ರ ಬರುತ್ತಿರಲಿಲ್ಲ. ಮಾತು ಬಾಯಿಗೆ ಬರುತ್ತಿತ್ತು. ಅರ್ಥ ಹೇಳು ಎಂದರೆ ನಿಂತುಬಿಡುತ್ತಿದ್ದ.

"ಒಪ್ಪದವರು ಬಂದ್ರ ಏನಂತಿ?" ಎಂದು ಅಪ್ಪ ಕೇಳಿದರೆ, "ಕುಂಡ್ರಿ ಅಂತೀನ್ರೀ" ಎನ್ನುತ್ತಿದ್ದ.

"ಕೂಡಲಿಲ್ಲ. ಏನಂತಿ?"

"ಇನ್ನೊಮ್ಮೆ ಅಂತೀನ್ರೀ."

"ಆದರೂ ಕೂಡಲಿಲ್ಲೋ."

ಅವನು ನೆಲ ನೋಡಿದ. "ದೊಡ್ಡಮಂದಿಗೆ ಒಲ್ಲೆ ಅಂತ ಹ್ಯಾಂಗ ಅನ್ನಲ್ರೀ? ನಮ್ಮಪ್ಪ ಅಂದವಲ್ಲ, ಅವರಪ್ಪ ಅಂದವಲ್ಲ. ಹೊಳಿ ಕೆಂಪಾಗಿ ಬಂದಾಗೂ ಗೌಡ್ರು ಬಂದು ಬಿಡೋ ಅಂದ್ರ ಹರಗೋಲು ಬಿಟ್ಟಾರ."

ಬಾಗಿಲ ಹಿಂದೆ ಅತ್ತೆ ಇದ್ದಳು. ಆ ದಿನಗಳಲ್ಲಿ ಅವನು ಬಂದಾಗಲೆಲ್ಲ ಅವಳು ಅಲ್ಲಿ ಬಂದು ನಿಲ್ಲುತ್ತಿದ್ದಳು.

"ನನಗ ಅನ್ನು" ಎಂದಳು. "ಒಲ್ಲೆ ಅನ್ನು ನನಗ."

"ನಿಮಗಾ? ಬಿಡ್ತು ಅನ್ರೀ ಅಮ್ಮಾರ."

"ಅನ್ನೋ. ಅವತ್ತ ಅಂದಿದ್ರ ನನಗೂ ಛಲೋ ಇತ್ತು, ನಿನಗೂ ಛಲೋ ಇತ್ತು."

ಅವನು ನಕ್ಕುಬಿಟ್ಟ. ಎಷ್ಟು ಹೇಳಿದರೂ ಬಾಯಿಂದ ಆ ಮಾತು ಹೊರಡಲಿಲ್ಲ. ಕಚೇರಿಯಲ್ಲಿ ಸಾಲುಗಳನ್ನಷ್ಟೇ ಒಪ್ಪಿಸಿದ. ಅರ್ಥ ಯಾರೂ ಕೇಳಲಿಲ್ಲ. ಪರವಾನಗಿ ಬಂತು. ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. "ಕೇಳಬೇಕಾಗಿತ್ತು" ಎನ್ನುತ್ತಿದ್ದಳು. "ಮತ್ತ ನನ್ನಂಥಾಕಿ ಒಬ್ಬಾಕಿ ಬಂದು ಹತ್ತತೀನಿ ಅಂದ್ರ ಹತ್ತಿಸಿಕೋತಾನ. ಇನ್ನೊಮ್ಮೆ ಪರವಾನಗಿ ಹೋದ್ರ ಕೊಡೂದಿಲ್ಲ ಅವನಿಗೆ."

ಮುಂದಿನ ಸಂಕ್ರಾಂತಿಗೆ ಹೋದಾಗ ಹರಗೋಲಿಗೆ ಹೊಸ ತೊಗಲು ಹೊದಿಸಿತ್ತು. ಸೋರೆಬುರುಡೆಗಳು ಮರದಲ್ಲಿರಲಿಲ್ಲ, ಅಂಚಿನ ಸುತ್ತ ಕಟ್ಟಿದ್ದವು. ಪರವಾನಗಿಯನ್ನು ಒಂದು ಬಿದಿರಿನ ಕೊಳವೆಯಲ್ಲಿ ತುರುಕಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಆಟಕ್ಕೆ ಬಂದವರನ್ನೂ ಒಬ್ಬೊಬ್ಬರಾಗಿ ಕರೆದು, ತಳದಲ್ಲಿ ಕೂಡಿಸಿ, "ಏಳಬ್ಯಾಡ್ರಿ, ಎದ್ರ ನಾ ಅಲ್ಲೇ ನಿಲ್ಲಿಸ್ತೀನಿ" ಎಂದು ಹೇಳಿ ಒಯ್ಯುತ್ತಿದ್ದ. ಹೇಳುವಾಗ ನಗುತ್ತಿದ್ದ. ಬಂದವರೂ ನಗುತ್ತಿದ್ದರು.

ಅಪ್ಪ, ಅವ್ವ, ನಾನು ಹತ್ತಿ ಕೂತೆವು. ಅತ್ತೆ ಬಂಡಿಯ ಹತ್ತಿರ ಇದ್ದಳು. ನಮ್ಮ ಕಡೆ ಬರುವಾಗ ಅವಳ ಕಂಕುಳಲ್ಲಿ ಆ ಹಲಗೆ ಇತ್ತು.

"ಅಕ್ಕಾ, ಅದ್ಯಾಕ?" ಎಂದರು ಅಪ್ಪ.

ಅವಳು ಹಲಗೆಯನ್ನು ಅಂಚಿನಿಂದ ಅಂಚಿಗೆ ಅಡ್ಡ ಇಟ್ಟಳು. ದಂಡೆಯಲ್ಲಿದ್ದವರು ತಿರುಗಿ ನೋಡಿದರು. ಹೋದ ವರ್ಷದ ಸಂಗತಿ ಎಲ್ಲರಿಗೂ ಗೊತ್ತಿತ್ತು.

"ಯಾಕ ನಿಂತಿ? ಬಿಡು" ಎಂದಳು.

ಹರಗೋಲಿನವನು ಹಲಗೆಯನ್ನು ನೋಡಿದ. ಅಪ್ಪನನ್ನು ನೋಡಿದ. ಅವನ ಕೈ ಕೊಳವೆಯ ಮೇಲೆ ಹೋಯಿತು.

"ಹಲಗಿ ತಗೀರಿ ಅಮ್ಮಾರ" ಎಂದ. ದನಿ ಬಹಳ ಸಣ್ಣದಿತ್ತು.

"ಏನಂದಿ?"

"ಹಲಗಿ ತಗೀರಿ." ಹುಟ್ಟನ್ನು ಮರಳಿಗೆ ಊರಿ ನಿಂತ. "ತಳಕ್ಕ ಕುಂಡ್ರೋದಾದ್ರ ಬರ್ರಿ. ಇಲ್ಲಾಂದ್ರ ಒಲ್ಲೆ. ನಾ ಬಿಡಂಗಿಲ್ಲ."

ಅತ್ತೆ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಎದುರಿಗೇ ನಿಂತು ಅವನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆಮೇಲೆ ಹಲಗೆ ಎತ್ತಿಕೊಂಡು ದಂಡೆಗೆ ಹೋಗಿ, ಮರಳಿನ ಮೇಲೆ ಹಾಕಿ, ಅದರ ಮೇಲೆ ಕೂತಳು. ಅವನನ್ನು ಪರೀಕ್ಷೆ ಮಾಡಲೆಂದೇ ತಂದಿದ್ದಳೋ, ಇನ್ನೊಮ್ಮೆ ಸುತ್ತುವ ಆಸೆಯೂ ಇತ್ತೋ, ನಾನು ಕೇಳಲಿಲ್ಲ. ಹಾಗಾಗಿ ಗೊತ್ತಿಲ್ಲ.

ಹರಗೋಲು ಮಡುವಿನವರೆಗೆ ಹೋಗಿ, ನಿಧಾನವಾಗಿ ಒಂದು ಸುತ್ತು ಹಾಕಿ ಮರಳಿತು. ನಾವು ಇಳಿದಾಗ ಅತ್ತೆ ಕುಸುರೆಳ್ಳಿನ ಡಬ್ಬಿ ತೆಗೆದು ಅವನನ್ನು ಕರೆದಳು. ಅವನು ಓಡಿಬಂದು ಎರಡೂ ಕೈ ಕೂಡಿಸಿ ಒಡ್ಡಿದ.

"ಭಾಳ ಛಲೋ ಮಾಡಿದಿ" ಎಂದಳು. "ಇನ್ನ ಯಾರು ಬಂದ್ರೂ ಹೀಂಗಽ ಅನ್ನು."

"ನಿಮಗಽ ಅಂದ ಮ್ಯಾಲೆ ಇನ್ಯಾರ ಹೆದರಿಕಿ ಅದ್ರೀ" ಎಂದ. ಈಗ ನಗು ಬಂದಿತ್ತು.

ಅವಳು ಹಿಡಿ ತುಂಬ ಕುಸುರೆಳ್ಳು ತೆಗೆದು ಅವನ ಕೈಗೆ ಹಾಕಿದಳು. ಯಾವಾಗಲೂ ಹಾಕುವ ಹಾಗೆಯೇ, ಮೇಲಿನಿಂದ, ತಾಗದಂತೆ. ಕೆಲವು ಕಾಳು ಮರಳಿಗೆ ಬಿದ್ದವು. ಹಾಗೆ ತಾಗದಂತೆ ಹಾಕಿದ್ದನ್ನು ಅವನು ಗಮನಿಸಲಿಲ್ಲ. ಬಿದ್ದ ಕಾಳನ್ನು ಬಾಗಿ ಆರಿಸಿಕೊಂಡು, ಬಾಯಿಗೆ ಹಾಕಿಕೊಂಡು, ಮುಂದಿನವರನ್ನು ಕರೆಯಲು ಹೋದ. ಗಮನಿಸಿದವಳು ಅತ್ತೆ. ಬಂಡಿ ಹೂಡಿ ನಾವು ಊರ ದಾರಿ ಹಿಡಿದ ಮೇಲೂ ಅವಳು ಬಂಡಿಯೊಳಗೆ ಆ ಹಲಗೆಯ ಮೇಲೆ ಕೂತು, ಕುಸುರೆಳ್ಳು ಹಾಕಿದ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಅದನ್ನೇ ನೋಡುತ್ತಿದ್ದಳು.